ಅತ್ತೆಮ್ಮನ ಹೆಸರಿನ ವಿಳಾಸ

ಶೇಂಗಾ ಹುರಿಯುತ್ತಿದ್ದೆ. ಸೋಮವಾರ, ಪೂಜೆ ಮುಗಿದಿತ್ತು, ನನಗೆ ಒಪ್ಪತ್ತು. ಹುರಿದಿಟ್ಟರೆ ಮಧ್ಯಾಹ್ನ ಸಿಪ್ಪೆ ತಿಕ್ಕಿ ಚಟ್ನಿಹಿಂಡಿ ಕುಟ್ಟಬಹುದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಆಗ ಕಟ್ಟೆಯ ಮೇಲಿದ್ದ ಫೋನು ಬಡಿದುಕೊಂಡಿತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೌಟು. ಮಾತಾಡಿದವರು ಕಲಬುರಗಿಯ ಒಬ್ಬ ಅಜ್ಜಿ. ಎರಡು ವರ್ಷದ ಹಿಂದೆ ಮೊದಲ ಮೊಮ್ಮಗನಿಗೆಂದು ನಮ್ಮ ಹತ್ತಿರ ಕೌದಿ ಹೊಲಿಸಿಕೊಂಡಿದ್ದರು. ಈಗ ಎರಡನೆಯದು ಹುಟ್ಟಿದೆಯಂತೆ. ಶುಭ ಹಾರೈಸುವಷ್ಟರಲ್ಲಿ ಅವರೇ ಅಂದರು:

"ಯವ್ವಾ, ನಿನ್ನ ಕೌದಿ ಬಂದದ. ನಾಕೂ ಮೂಲಿ ಹಿಚುಕಿ ನೋಡ್ದೆ, ಕಾಳು ಸಿಗವಲ್ದು. ಕೂಸಿನ ಕೌದಿ ಹಸದದ್ದು ಕಳಿಸೀಯಲ್ಲ, ಮರತೇನು?"

ಕೌದಿಯ ಹೊಟ್ಟೆ ತುಂಬಿಸುವುದು ನಮ್ಮ ಅತ್ತೆಮ್ಮ ಕಲಿಸಿದ ಪದ್ಧತಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಸುತ್ತಲಿಂದ ಹೊಲಿಯುತ್ತ ಹೊಲಿಯುತ್ತ ಕೊನೆಯ ಮೂಲೆಗೆ ಬಂದಾಗ ಅಲ್ಲೊಂದು ಸಣ್ಣ ಚೀಲ ಬಿಟ್ಟು, ಅದರೊಳಗೆ ಒಣ ರೊಟ್ಟಿಯ ಉಗುರಷ್ಟು ಚೂರು ಇಟ್ಟು ಬಾಯಿ ಮುಚ್ಚುತ್ತಿದ್ದರು. ಹಸಿದ ಕೌದಿ ಹೊದ್ದವರಿಗೆ ಹಸಿವು ತಪ್ಪುವುದಿಲ್ಲ ಎಂಬುದು ಅವರ ನಂಬಿಕೆ. ಪಾರ್ಸೆಲ್ ಕಳಿಸಲು ಶುರು ಮಾಡಿದ ಮೇಲೆ ಇರುವೆ ಕಾಟ ಬೇಡವೆಂದು ರೊಟ್ಟಿಯ ಬದಲು ಐದು ಕಾಳು ಜೋಳ ಇಡುತ್ತ ಬಂದಿದ್ದೇವೆ. ಮೂಲೆ ಹಿಚುಕಿದರೆ ಕೈಗೆ ಸಿಗುತ್ತವೆ.

ನಾನು ಮರೆತಿರಲಿಲ್ಲ. ಮರೆಯುವುದಕ್ಕೆ ಆ ಕೌದಿಯನ್ನು ನಾವು ಹೊಲಿದೇ ಇರಲಿಲ್ಲ. ಎರಡು ತಿಂಗಳಿಂದ ನಮಗೆ ಹೊರ ಊರಿನ ಒಂದು ಕೇಳಿಕೆಯೂ ಬಂದಿರಲಿಲ್ಲ. ಬೇಸಿಗೆ, ಕೌದಿ ಯಾರಿಗೆ ಬೇಕು ಎಂದುಕೊಂಡು ಸುಮ್ಮನಿದ್ದೆವು. ಎಲ್ಲಿಂದ ತರಿಸಿದಿರಿ ಎಂದು ಅಜ್ಜಿಯನ್ನು ಕೇಳಿದೆ. ಹಳೆಯ ಕೌದಿಯ ಮೂಲೆಯಲ್ಲಿ ಹೊಲಿದಿದ್ದ ಇಂಟರ್ನೆಟ್ ವಿಳಾಸವನ್ನೇ ಮಗಳು ಫೋನಿನಲ್ಲಿ ಒತ್ತಿದಳು, ಅಲ್ಲಿ ನಿಮ್ಮ ಅತ್ತೆಯ ಫೋಟೋನೂ ಇತ್ತು ಎಂದರು. ಆದರೆ ಹೊಲಿಗೆ ಮಿಷಿನ್ನಿನದು ಇದ್ದಂಗೆ ಕಾಣುತ್ತದೆ ಎಂದೂ ಸೇರಿಸಿದರು. ಅನುಮಾನ ಬಂದು ಹಳೆಯ ನಂಬರು ಹುಡುಕಿ ಫೋನು ಮಾಡಿದ್ದರು. ಅದೊಂದು ದೇವರ ದಯೆ, ಇಲ್ಲವಾದರೆ ಇನ್ನೂ ಎಷ್ಟು ದಿನ ನಮಗೆ ತಿಳಿಯುತ್ತಿರಲಿಲ್ಲವೋ. ಬಾಣಲೆಯ ಶೇಂಗಾ ತಳದಲ್ಲಿದ್ದವು ಮಾತ್ರ ಕರಕಾಗಿದ್ದವು, ಮೇಲಿನವು ಉಳಿದಿದ್ದವು. ಅದೂ ದಯೆಯೇ.

ನಾವು ಮಸ್ಕಿಯವರು. ನಮ್ಮ ಓಣಿಯಲ್ಲಿ ನಾಲ್ವರು ಹೆಂಗಸರು ಮನೆಗೆಲಸ ಮುಗಿಸಿ ನಮ್ಮ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತೇವೆ. ನಾಲ್ವರಿಗೂ ಸೂಜಿ ಹಿಡಿಯುವುದನ್ನು ಕಲಿಸಿದವರು ಅತ್ತೆಮ್ಮ. ಅವರು ಶಿವನ ಪಾದ ಸೇರಿದ ಮರುವರ್ಷ, ಇಂಟರ್ನೆಟ್ಟಿನಲ್ಲಿ ನಮ್ಮದೂ ಒಂದು ವಿಳಾಸ ಇದ್ದರೆ ದೂರದವರಿಗೂ ಕೌದಿ ಮುಟ್ಟಿಸಬಹುದು ಎಂಬ ಮಾತು ಬಂತು. ಆ ವಿಳಾಸಕ್ಕೆ ಇಟ್ಟದ್ದು ಅತ್ತೆಮ್ಮನದೇ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ವಿಳಾಸವನ್ನೇ ಹೇಳಿಕೊಟ್ಟ ಹಾಗಾಗುತ್ತದೆ, ಮೇಲಾಗಿ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ.

ಹೊಲಿದ ಪ್ರತಿ ಕೌದಿಯ ಬೆನ್ನಿಗೆ, ಕಾಳಿನ ಚೀಲದ ಪಕ್ಕದಲ್ಲೇ, ಕೆಂಪು ದಾರದಿಂದ ಆ ವಿಳಾಸ ಹೊಲಿಯುತ್ತಿದ್ದೆವು. ಇಂಗ್ಲಿಷ್ ಅಕ್ಷರ ನಮ್ಮಲ್ಲಿ ಇಬ್ಬರಿಗೆ ಬರುವುದೇ ಇಲ್ಲ. ಅವರು ಅದನ್ನು ರಂಗೋಲಿ ಕಲಿತಂತೆ ಕಲಿತರು. ಒಂದು ಅಕ್ಷರ ಕುಡುಗೋಲು, ಇನ್ನೊಂದು ನಿಚ್ಚಣಿಕೆ, ಕೊನೆಯಲ್ಲಿ ಕುಂಕುಮದಷ್ಟು ಒಂದು ಚುಕ್ಕೆ, ಚುಕ್ಕೆಯ ಆಚೆ ನಮ್ಮ ದೇಶದ ಎರಡು ಅಕ್ಷರ. ನಾಲ್ಕು ವರ್ಷದಲ್ಲಿ ಎಷ್ಟು ಕೌದಿಗಳ ಮೇಲೆ ಹೊಲಿದಿದ್ದೇವೆ, ಅವೆಲ್ಲ ಯಾವ ಯಾವ ಊರಿನ ಯಾರ ಯಾರ ಮಂಚದ ಮೇಲಿವೆ, ನನಗೆ ಗೊತ್ತಿಲ್ಲ. ಅವನ್ನೆಲ್ಲ ವಾಪಸು ಕರೆಸಿ ದಾರ ಬಿಚ್ಚಲು ಆಗುವುದಿಲ್ಲ. ನಮ್ಮನ್ನು ಹುಡುಕಿಕೊಂಡು ಬರುವವರಿಗೆ ಇದ್ದ ದಾರಿ ಅದೊಂದೇ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗುಮಾಸ್ತರು. ಮಧ್ಯಾಹ್ನ ಊಟಕ್ಕೆ ಬಂದಾಗ ಅವರ ಫೋನಿನಲ್ಲಿ ವಿಳಾಸ ತೆಗೆಸಿದೆ. ಅತ್ತೆಮ್ಮ ಮಡಿಲಲ್ಲಿ ಕೌದಿ ಹರವಿಕೊಂಡು ಕೂತ ಫೋಟೋ ಮೊದಲಿದ್ದಲ್ಲೇ ಇತ್ತು. ಕೆಳಗೆ ನನ್ನ ಫೋನ್ ನಂಬರು ಇದ್ದ ಕಡೆ ಬೇರೆ ನಂಬರು. ಊರು ಮಸ್ಕಿ ಇದ್ದದ್ದು ಸಿಂಧನೂರು ಆಗಿತ್ತು. ಅವರು ಆ ನಂಬರನ್ನು ಎರಡು ಸಲ ಓದಿದರು, ಫೋನನ್ನು ತಾಟಿನ ಪಕ್ಕ ಇಟ್ಟರು.

"ಇದು ತಂಗಿ ನಂಬರ್," ಅಂದರು.

ಆಮೇಲೆ ರೊಟ್ಟಿ ಮುರಿಯುತ್ತ, ಮುಖ ಎತ್ತದೆ, ಇನ್ನೊಂದನ್ನೂ ಹೇಳಿದರು. ಯುಗಾದಿಗೆ ಸಿಂಧನೂರಿಗೆ ಹೋದಾಗ ತಂಗಿಯ ಮನೆಯಲ್ಲಿ ನಾಲ್ಕು ಹೊಲಿಗೆ ಮಿಷಿನ್ನು ನೋಡಿದ್ದರಂತೆ. ಕೌದಿ ಹೊಲಿಸುತ್ತೇನೆ ಎಂದು ಅವಳೇ ಹೇಳಿದ್ದಳಂತೆ. ನನಗೇಕೆ ಹೇಳಲಿಲ್ಲ ಎಂದರೆ, "ಆಕೀನೇ ಹೇಳ್ತಾಳ ಅಂತ ಮಾಡಿದ್ದೆ" ಎಂಬ ಉತ್ತರ. ಅವರ ತಾಟಿಗೆ ಪಲ್ಯ ಬಡಿಸಿದೆ. ನನಗೆ ಒಪ್ಪತ್ತು ಇದ್ದದ್ದು ಒಳ್ಳೆಯದಾಯಿತು, ಅವತ್ತು ಹೇಗೂ ಉಣ್ಣಲು ಆಗುತ್ತಿರಲಿಲ್ಲ.

ನಾದಿನಿಗೆ ಮೂರು ಸಲ ಫೋನು ಮಾಡಿದೆ, ಎತ್ತಲಿಲ್ಲ.

ಮರುದಿನ ಲಿಂಗಸುಗೂರಿಗೆ ಹೋದೆ. ಅಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಒಬ್ಬ ಮೇಡಂ ಇದ್ದಾರೆ. ಅವರ ಮಗಳ ತೊಟ್ಟಿಲಿಗೆ ನಾವೇ ಕೌದಿ ಹೊಲಿದುಕೊಟ್ಟಿದ್ದೆವು. ಮುಸಲ್ಮಾನರ ಮನೆ, ಒಳಗೆ ದಖನಿ ಮಾತು, ನಮ್ಮೊಂದಿಗೆ ನಮ್ಮದೇ ಕನ್ನಡ. ನಾನು ಹೋದಾಗ ಆ ಕೌದಿ ಹಗ್ಗದ ಮೇಲೆ ಒಣಗುತ್ತಿತ್ತು. ಅಷ್ಟು ಒಗೆದರೂ ಕೆಂಪು ದಾರ ಮಾಸಿರಲಿಲ್ಲ. ನಮ್ಮ ಕೆಲಸ ಗಟ್ಟಿ ಎಂದು ಸಂತೋಷ ಪಡಬೇಕಾದ ಹೊತ್ತಿನಲ್ಲಿ ನನಗೆ ಆ ದಾರ ನೋಡಿ ಕಣ್ಣು ತುಂಬಿತು.

ಎಲ್ಲ ಹೇಳಿಕೊಂಡೆ. ಮೇಡಂ ಕಂಪ್ಯೂಟರ್ ತೆಗೆಯುವುದಕ್ಕೆ ಮೊದಲು ನನ್ನನ್ನೇ ಒಂದು ಮಾತು ಕೇಳಿದರು.

"ಅಕ್ಕಾರ, ನಿಮ್ಮ ಹೊಲದ ಪಹಣಿ ಯಾರ ಹೆಸರ್ಲೆ ಐತಿ?"

"ನಮ್ಮ ಮನೆಯವರ ಹೆಸರ್ಲೆ."

"ಕಳೆ ತೆಗೆಯೋರು?"

"ನಾನ."

"ತಹಶೀಲ್ದಾರ್ ಕಚೇರ್ಯಾಗ ಪಹಣಿ ನೋಡ್ತಾರೋ, ನಿಮ್ಮ ಕೈ ನೋಡ್ತಾರೋ?"

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಇಡೀ ಜಗತ್ತಿಗೆ ಒಂದು ದೊಡ್ಡ ವಹಿ ಇದೆಯಂತೆ. ಅದರಲ್ಲಿ ಊರು, ಜನ ಇರುವುದಿಲ್ಲ, ವಿಳಾಸದ ಕೊನೆಯ ಚುಕ್ಕೆಯ ಆಚೆ ಬರುವ ದೇಶ ದೇಶದ ಎರಡೆರಡು ಅಕ್ಷರ, ಮತ್ತೆ ಅಂಥವೇ ಬೇರೆ ಕೆಲವು ಬಾಲಗಳು ಇರುತ್ತವೆ. ನಮ್ಮ ದೇಶದ ಎರಡು ಅಕ್ಷರದಲ್ಲಿ ಮುಗಿಯುವ ಹೆಸರುಗಳಿಗೆಲ್ಲ ದಿಲ್ಲಿಯ ಕಡೆ ಒಂದೇ ದಫ್ತರ. ಯಾವ ಹೆಸರು ಯಾರದು ಎಂಬುದರ ಮೂಲ ವಹಿ ಅಲ್ಲಿರುತ್ತದೆ. ಒಂದು ಹೆಸರನ್ನು ಇಬ್ಬರಿಗೆ ಕೊಡುವುದಿಲ್ಲ, ಮೊದಲು ಕೇಳಿದವರಿಗೆ ಸಿಗುತ್ತದೆ. ಆ ದಫ್ತರಕ್ಕೆ ನಾವು ನೀವು ನೇರವಾಗಿ ಹೋಗಿ ನಿಲ್ಲುವಂತಿಲ್ಲ. ಅವರು ಒಪ್ಪಿಗೆ ಕೊಟ್ಟ ಏಜೆಂಟರು ಇರುತ್ತಾರೆ, ಅವರ ಕಡೆ ಅರ್ಜಿ ತುಂಬಬೇಕು, ಅವರು ಮೇಲಕ್ಕೆ ಮುಟ್ಟಿಸುತ್ತಾರೆ. ವಹಿಯಲ್ಲಿ ಪ್ರತಿ ಹೆಸರಿನ ಮುಂದೆ ಮುಖ್ಯವಾಗಿ ಎರಡು ಸಂಗತಿ. ಒಂದು, ಈ ಹೆಸರಿಗೆ ಹಕ್ಕುದಾರರು ಯಾರು. ಇನ್ನೊಂದು, ಈ ಹೆಸರು ಕೇಳಿಕೊಂಡು ಬಂದವರನ್ನು ಯಾವ ಕಡೆ ಕಳಿಸಬೇಕು. ಹಕ್ಕುದಾರರು ಬೇಕೆಂದಾಗ ಆ ದಾರಿ ತಿರುಗಿಸಬಹುದು. ದಫ್ತರ ಯಾಕೆ ಎಂದು ಕೇಳುವುದಿಲ್ಲ.

"ಮತ್ತ ಹೆಸರು ಮಾರಂಗಿಲ್ಲ ಅವರು," ಎಂದರು ಮೇಡಂ. "ವರ್ಷದ ಲೆಕ್ಕದಾಗ ಕೊಡ್ತಾರ. ಮುಗಿಯೂದ್ರಾಗ ಮುಂದುವರಿಸಬೇಕು."

ಮುಂದುವರಿಸದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ತಕ್ಷಣ ಕಿತ್ತುಕೊಳ್ಳುವುದಿಲ್ಲವಂತೆ. ಸುಮಾರು ಒಂದು ತಿಂಗಳು ಹಳೆಯ ಹಕ್ಕುದಾರರಿಗಾಗಿ ಕಾಯುತ್ತಾರೆ. ಆಮೇಲೆ ಇನ್ನೊಂದು ತಿಂಗಳ ಸುಮಾರು ಕಠಿಣ ಅವಧಿ, ಆಗಲೂ ಹಳಬರೇ ಬಿಡಿಸಿಕೊಳ್ಳಬಹುದು, ಆದರೆ ದಂಡ ಬೀಳುತ್ತದೆ. ಕೊನೆಗೆ ಕೆಲವು ದಿನ ಯಾರ ಕೈಗೂ ಸಿಗದಂತೆ ಇಟ್ಟು ವಹಿಯಿಂದ ಅಳಿಸುತ್ತಾರೆ. ಅಳಿಸಿದ ಗಳಿಗೆಯಿಂದ ಅದು ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಹೆಸರು. ಸತ್ತವರಿಗೆ ಮೂರು ದಿನ, ಹನ್ನೊಂದು ದಿನ ಎಂದು ಮಾಡುತ್ತೇವಲ್ಲ, ಹೆಸರಿಗೂ ಹಾಗೆ ದಿನಗಳಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಒಮ್ಮೆ ಇಟ್ಟ ಹೆಸರು ಇದ್ದೇ ಇರುತ್ತದೆ ಎಂದು ನಾಲ್ಕು ವರ್ಷ ನೆಮ್ಮದಿಯಾಗಿ ನಂಬಿದ್ದೆ.

ಮೇಡಂ ನಮ್ಮ ವಿಳಾಸ ಹಾಕಿ, ವಹಿಯಲ್ಲಿ ಹೊರಗಿನವರಿಗೆ ತೋರಿಸುವಷ್ಟನ್ನು ತೆಗೆದರು. ಹಕ್ಕುದಾರರ ಹೆಸರಿನ ಜಾಗ ಮುಚ್ಚಿತ್ತು. ಖಾಸಗಿ ಸಂಗತಿ, ಎಲ್ಲರಿಗೂ ಕಾಣುವುದಿಲ್ಲ. ಕರ್ನಾಟಕ ಎಂದು ಮಾತ್ರ ಇತ್ತು. ಏಜೆಂಟರು ಯಾರು, ಯಾವತ್ತು ಹುಟ್ಟಿದ್ದು, ಯಾವತ್ತು ಮುಗಿಯುವುದು, ಕಡೆಯ ಸಲ ಯಾವತ್ತು ತಿದ್ದಿದ್ದು. ಹುಟ್ಟಿದ್ದು ನಾಗರ ಪಂಚಮಿಯ ದಿನ. ತಿದ್ದಿದ್ದು ಯುಗಾದಿ ಆದ ಮೇಲೆ. ಮುಗಿಯುವ ದಿನ ಬರುವ ಶ್ರಾವಣದಲ್ಲಿತ್ತು.

"ಅವತ್ತ ಅರ್ಜಿ ತುಂಬುವಾಗ ಯಾರ ಹೆಸರು ಹಾಕಿದ್ರಿ ಅಕ್ಕಾರ?"

ಆ ಪಂಚಮಿ ನನ್ನ ಕಣ್ಣ ಮುಂದೆ ಬಂತು. ನಾದಿನಿ ತವರಿಗೆ ಬಂದಿದ್ದಳು. ಓದಿದವಳು, ಕಂಪ್ಯೂಟರ್ ಬಲ್ಲವಳು. ಉಂಡಿ ಕಟ್ಟಿ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಅವಳ ತೊಡೆಯ ಮೇಲೆ ಅವಳ ಗಂಡನ ಲ್ಯಾಪ್‌ಟಾಪು. ನಮ್ಮಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ತೊಟ್ಟಿಲ ಮುಂದೆ ಕೂಸಿನ ಕಿವಿಯಲ್ಲಿ ಅವಳು ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ನನ್ನ ಎರಡೂ ಮಕ್ಕಳಿಗೆ ಹೆಸರಿಟ್ಟವಳು ಅವಳೇ. ಹಾಗಾಗಿ ಇದಕ್ಕೂ ಅವಳೇ ಇಡಲಿ ಎಂದು ನಾಲ್ವರೂ ಅಂದೆವು. ಅವಳು ಅರ್ಜಿ ತುಂಬುತ್ತ ತುಂಬುತ್ತ ಒಂದು ಕಡೆ ನಿಂತು ತಲೆ ಎತ್ತಿ ಕೇಳಿದ್ದಳು, "ವೈನಿ, ಇಲ್ಲಿ ಯಾರ ಹೆಸರು ಹಾಕ್ಲಿ?"

ನಾನೇ ಅಂದದ್ದು: "ನಿಂದ ಹಾಕವ್ವ. ಹೆಸರಿಡಾಕಿ ನೀನ ಅಲ್ಲೇನು?"

ಅವಳು ಹಾಕಿದಳು. ಬೆರಳು ಒತ್ತಿದ ಕೂಡಲೇ ನಾವು ನಾಲ್ವರೂ ನಗುತ್ತ ಅವಳ ಬೆನ್ನಿಗೆ ಗುದ್ದಿದ್ದೆವು. ಹೆಸರಿಟ್ಟ ಸೋದರತ್ತೆ ಉಂಡು, ಸೀರೆ ಉಡಿಸಿಕೊಂಡು ಊರಿಗೆ ಹೋಗುತ್ತಾಳೆ, ಕೂಸು ತಾಯಿಯ ಮಡಿಲಲ್ಲಿ ಇರುತ್ತದೆ. ಆ ಅರ್ಜಿಯಲ್ಲಿ ಹೆಸರಿಡುವವಳಿಗೆ ಬೇರೆ, ತಾಯಿಗೆ ಬೇರೆ ಜಾಗ ಇಲ್ಲ ಎಂದು ನಮಗೆ ಯಾರು ಹೇಳಬೇಕಿತ್ತು? ಇದ್ದದ್ದು ಒಂದೇ ಜಾಗ. ಅದರಲ್ಲಿ ಯಾರಿದ್ದಾರೋ ಕೂಸು ಅವರದು.

ಮೇಡಂಗೆ ಇದನ್ನು ಹೇಳಿದಾಗ ಅವರು ಇದ್ದ ದಾರಿಗಳನ್ನು ಹೇಳಿದರು. ನಾದಿನಿ ತಾನಾಗಿ ಒಪ್ಪಿದರೆ ಒಂದು ತಾಸಿನ ಕೆಲಸ, ಹಕ್ಕುದಾರರ ಹೆಸರು ಬದಲಾಯಿಸಿ ಕೊಡಬಹುದು. ಒಪ್ಪದಿದ್ದರೆ ದಫ್ತರಕ್ಕೆ ದೂರು ಕೊಡಬಹುದು, ಅವರು ಒಬ್ಬ ಪಂಚರನ್ನು ನೇಮಿಸುತ್ತಾರೆ. ಆದರೆ ಆ ಪಂಚರ ಮುಂದೆ ಆ ಹೆಸರಿನಲ್ಲಿ ನನಗೆ ಹಕ್ಕಿದೆ, ಅವಳಿಗೆ ಇಲ್ಲ, ಅವಳು ಕೆಟ್ಟ ಮನಸ್ಸಿನಿಂದ ಇಟ್ಟುಕೊಂಡಿದ್ದಾಳೆ ಎಂಬುದನ್ನೆಲ್ಲ ತೋರಿಸಬೇಕು.

"ಆಕಿ ಹಡದ ತಾಯಿ ಹೆಸರಲ್ಲೇನ್ರಿ ಅದು?" ಎಂದರು ಮೇಡಂ, ಬಹಳ ಮೆತ್ತಗೆ. "ಆಕಿಗಿ ಹಕ್ಕಿಲ್ಲ ಅಂತ ಹ್ಯಾಂಗ ತೋರಸ್ತೀರಿ?"

ಎಂಟು ವರ್ಷ ಅತ್ತೆಮ್ಮನ ಮೈ ಒರೆಸಿದವಳು ನಾನು. ಅವರ ಲಿಂಗಪೂಜೆಗೆ ನೀರು ಹಿಡಿದವಳು ನಾನು. ಕೊನೆಗೆ ಮಾತು ನಿಂತಾಗ ಸೂಜಿ ಹಿಡಿದ ಹಾಗೆ ಬೆರಳು ಆಡಿಸುತ್ತಿದ್ದರು, ದಾರ ಬೇಕು ಎಂದು ತಿಳಿಯುತ್ತಿದ್ದದ್ದು ನನಗೊಬ್ಬಳಿಗೆ. ಅದನ್ನು ಬರೆಯಲು ಯಾವ ಅರ್ಜಿಯಲ್ಲೂ ಜಾಗ ಇರುವುದಿಲ್ಲ.

ನಾನು ಎದ್ದಾಗ ಮೇಡಂ ಇನ್ನೊಂದು ಮಾತು ಹೇಳಿದರು. ಅದೇ ದಫ್ತರದವರು ಕನ್ನಡ ಅಕ್ಷರದಲ್ಲೂ ವಿಳಾಸ ಕೊಡುತ್ತಾರಂತೆ, ಕೊನೆಯಲ್ಲಿ ಚುಕ್ಕೆ, ಚುಕ್ಕೆಯ ಆಚೆ ಭಾರತ ಎಂದು ಕನ್ನಡದಲ್ಲೇ ಬರುತ್ತದೆ. ಹಾಕಿ ನೋಡಿದರು. ಅತ್ತೆಮ್ಮನ ಹೆಸರು ಕನ್ನಡದಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. ಬೇಕಾದರೆ ಈಗಲೇ ನಿಮ್ಮ ಹೆಸರಿಗೆ ಹಾಕುತ್ತೇನೆ ಎಂದರು. ಬೇಡ ಎಂದೆ. ನಾಳೆ ಸಿಂಧನೂರಿಗೆ ಹೋಗುತ್ತೇನೆ, ಎದುರಿಗೆ ಕೂತು ಕೇಳಿದರೆ ಅವಳು ಇಲ್ಲ ಅನ್ನುವುದಿಲ್ಲ ಎಂದೆ. ನನ್ನ ಮಾತಿನ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು.

ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆಧಾರ್ ಕಾರ್ಡು ಮರೆಯದೆ ತಂದಿದ್ದೆ, ಹೆಂಗಸರಿಗೆ ಟಿಕೇಟು ಪುಕ್ಕಟೆ. ಎರಡನ್ನೂ ನಮ್ಮ ದೇವರು ಮಲ್ಲಯ್ಯನ ದಯೆಯ ಲೆಕ್ಕಕ್ಕೆ ಬರೆದುಕೊಂಡೆ. ಅರ್ಧ ದಾರಿ ದಾಟಿದ ಮೇಲೆ ಕೆನಾಲಿನ ಸೀಮೆ ಶುರುವಾಗುತ್ತದೆ. ಕೊಯ್ದ ಭತ್ತದ ಗದ್ದೆಯಲ್ಲಿ ಹುಲ್ಲು ಬಿದ್ದಿತ್ತು. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಮಾತು ಜೋಡಿಸಿಕೊಂಡೆ. ಬೈಯಬಾರದು. ಅಳಬಾರದು. ಕೇಳಬೇಕು, ಅಷ್ಟೇ.

ನಾದಿನಿ ಬಾಗಿಲಲ್ಲೇ ಎದುರಾದಳು. ಕೈಕಾಲಿಗೆ ನೀರು ಕೊಟ್ಟಳು, ಚಾ ಮಾಡಿದಳು, ಸಕ್ಕರೆ ನನಗೆ ಬೇಕಾದಷ್ಟೇ ಹಾಕಿದ್ದಳು. ಒಳಗಿನ ಕೋಣೆಯಲ್ಲಿ ಮಿಷಿನ್ನುಗಳ ಸದ್ದು ನಡೆದಿತ್ತು. ಬಾಗಿಲ ಸಂದಿಯಿಂದ ಕೌದಿಗಳ ರಾಶಿ ಕಾಣುತ್ತಿತ್ತು. ಹೊಸ ಬಟ್ಟೆಯವು, ಹೊಲಿಗೆ ಗೆರೆ ಎಳೆದಂತೆ ನೇರ. ಫೋನು ಯಾಕೆ ಎತ್ತಲಿಲ್ಲ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಲೋಟ ಕೆಳಗಿಟ್ಟು ನಾನೇ ಮಾತು ತೆಗೆದೆ.

"ಅವ್ವಿ, ಆ ವಿಳಾಸ ನಮಗ ತಿರುಗಿ ಕೊಡು."

"ಯಾಕ ಕೊಡ್ಲಿ ವೈನಿ? ನಮ್ಮವ್ವನ ಹೆಸರು ಅದು."

"ನಾಕು ಮಂದಿ ಕೂಡಿ ಕೆಂಪು ದಾರ್ಲೆ ಹೊಲದ ಹೆಸರು."

"ಹೊಲದೀರಿ, ಇಲ್ಲ ಅನ್ನಂಗಿಲ್ಲ." ಅವಳ ದನಿ ಏರಲಿಲ್ಲ. "ಆದ್ರ ಪ್ರತಿ ವರ್ಷ ಪಂಚಮಿಗೆ ನಿಮ್ಮ ಪಡಸಾಲ್ಯಾಗ ಕುಂತ ಅದರ ಆಯುಷ್ಯ ಮುಂದಕ್ಕ ಹಾಕಿದಾಕಿ ನಾನು. ಮುಗ್ಯಾಕ ಬಂತು, ಮುಗ್ಯಾಕ ಬಂತು ಅಂತ ನನ್ನ ಫೋನಿಗೆ ಬರ್ತಿತ್ತು. ನಾಕು ವರ್ಷದಾಗ ಒಮ್ಮೆರ ಕೇಳೀಯೇನು ವೈನಿ, ಹೆಸರು ಬದುಕೇತೋ ಸತ್ತೇತೋ ಅಂತ?"

ಕೇಳಿರಲಿಲ್ಲ. ಅದು ನಿಜ. ನಾನು ಒಳಗೆ ಹೋಳಿಗೆ ಮಾಡುತ್ತಿದ್ದಾಗ ಅವಳು ಪಡಸಾಲೆಯಲ್ಲಿ ಫೋನು ಒತ್ತುತ್ತಿದ್ದಳು, ಗಂಡನ ಜೊತೆ ಮಾತಾಡುತ್ತಿದ್ದಾಳೆ ಎಂದು ನಾವು ನಗಾಡುತ್ತಿದ್ದೆವು. ಆದರೆ ಆ ಕಾಲವೆಲ್ಲ ಅವಳು ನಮ್ಮ ಕಡೆ ದಾರಿ ಬಿಟ್ಟಿದ್ದಳಲ್ಲ, ಈಗ ತಿರುಗಿಸುವ ಮುಂಚೆ ಒಂದು ಮಾತು ಹೇಳಬಹುದಿತ್ತಲ್ಲ. ಅದನ್ನು ಕೇಳಿದೆ.

"ಹೇಳಿದ್ರ ಬ್ಯಾಡ ಅಂತಿದ್ದಿ," ಎಂದಳು.

ಇಷ್ಟು ವರ್ಷದಲ್ಲಿ ನನ್ನನ್ನು ಅಷ್ಟು ಸರಿಯಾಗಿ ಅರಿತವಳು ಇನ್ನೊಬ್ಬಳಿಲ್ಲ. ಬಾಣಂತನದಲ್ಲಿ ನನ್ನ ಮಕ್ಕಳ ತಲೆಗೆ ಎಣ್ಣೆ ಹಚ್ಚಿದವಳು. ನನಗೆ ಜ್ವರ ಬಂದರೆ ಸಿಂಧನೂರಿನಿಂದ ಗಂಜಿ ಹಿಟ್ಟು ಕಳಿಸಿದವಳು. ನಾನು ಬೇಡ ಅನ್ನುತ್ತೇನೆ ಎಂದು ಗೊತ್ತಿದ್ದದ್ದಕ್ಕೇ ಹೇಳಲಿಲ್ಲ ಎಂದು ನನ್ನ ಮುಖ ನೋಡಿಯೇ ಹೇಳಿದಳು. ಬೇರೆಯವರು ಮಾಡಿದ್ದರೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟೂ ಬರಲಿಲ್ಲ. ನಿತ್ಯ ಇಳಿಯುವ ಕಡೆ ಕಾಲಿಟ್ಟರೆ ಅಲ್ಲಿ ಮೆಟ್ಟಿಲೇ ಇಲ್ಲದ ಹಾಗಾಯಿತು.

ಇನ್ನು ಕೇಳುವುದು ಉಳಿದಿರಲಿಲ್ಲ. ಆದರೂ ಒಂದು ಕೇಳಿದೆ. "ಹೆಸರು ಇಟಗೋ. ಕೌದ್ಯಾಗ ಐದು ಕಾಳರ ಹಾಕಿ ಕಳಸು. ಅತ್ತಿ ಹೆಸರ್ಲೆ ಹಸದ ಕೌದಿ ಹೋಗೋದು ಬ್ಯಾಡ."

ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಿಷಿನ್ನಿನಲ್ಲಿ ಕಾಳು ಹೊಲಿದರೆ ಸೂಜಿ ಮುರಿಯುತ್ತದೆ ಎಂದು ಒಳಗಿನಿಂದ ಹೆಣ್ಣುಮಗಳೊಬ್ಬಳು ಅಂದದ್ದು ಕೇಳಿಸಿತು. ಹೊರಡುವಾಗ ನಾದಿನಿ ಕುಂಕುಮ ಹಚ್ಚಿ, ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ಬೇಡ ಅನ್ನಲಾಗುವುದಿಲ್ಲ, ಮುತ್ತೈದೆ ಉಡಿ ಒಡ್ಡಲೇಬೇಕು. ಸೆರಗು ಹಿಡಿದು ನಿಂತಾಗ ಅಕ್ಕಿ ಸ್ವಲ್ಪ ನೆಲಕ್ಕೆ ಚೆಲ್ಲಿತು. ಇಬ್ಬರೂ ಬಗ್ಗಿ ಆರಿಸಿದೆವು.

ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ಲಿಂಗಸುಗೂರಿನ ಮೇಡಂಗೆ ಫೋನು ಮಾಡಿದೆ. ಕನ್ನಡದ್ದು ಹಾಕಿಬಿಡಿ ಎಂದೆ. ಅತ್ತೆಮ್ಮನ ಹೆಸರು ತಾನೇ ಎಂದು ಅವರು ಕೇಳಿದರು. ಅಷ್ಟರಲ್ಲಿ ನನ್ನ ಮನಸ್ಸು ತಿರುಗಿತ್ತು. ಒಂದೇ ಹೆಸರಿನಲ್ಲಿ ಹಸಿದ ಕೌದಿಯೂ ಉಂಡ ಕೌದಿಯೂ ಹೋದರೆ ಕಲಬುರಗಿಯ ಅಜ್ಜಿಯಂಥವರಿಗೆ ಏನು ತಿಳಿಯಬೇಕು? ಮೇಲಾಗಿ ಆ ಹೆಸರನ್ನು ಇಬ್ಬರು ಹೆಂಗಸರು ಎರಡು ಕಡೆಯಿಂದ ಎಳೆಯುವುದು ನನಗೆ ಬೇಡವಾಯಿತು. ಐದುಕಾಳು ಎಂದು ಹಾಕಿರಿ ಎಂದೆ. ಹಕ್ಕುದಾರರ ಜಾಗದಲ್ಲಿ ಯಾರ ಹೆಸರು ಎಂದರು. ನಾಲ್ವರದೂ ಹಾಕಲು ಬರುವುದಿಲ್ಲವೇ ಎಂದೆ. ಒಬ್ಬರದೇ ಆಗಬೇಕು, ಇಲ್ಲವೇ ರಿಜಿಸ್ಟರ್ ಆದ ಸಂಘ ಇರಬೇಕು ಎಂದರು. ನಮ್ಮದು ಪಡಸಾಲೆಯ ಸಂಘ, ಕಾಗದದಲ್ಲಿ ಎಲ್ಲೂ ಇಲ್ಲ. ನನ್ನ ಹೆಸರು ಹೇಳಿದೆ. ಹೇಳುವುದು ಎಷ್ಟು ಸಲೀಸು! ಅವಳಿಗೂ ಆ ಪಂಚಮಿಯ ದಿನ ಇಷ್ಟೇ ಸಲೀಸಾಗಿತ್ತೇನೋ, ಮನಸ್ಸಿನಲ್ಲಿ ಏನೂ ಇರಲಿಲ್ಲವೇನೋ. ಬಸ್ಸು ಬರುವ ತನಕ ಅದನ್ನೇ ಯೋಚಿಸುತ್ತ ನಿಂತಿದ್ದೆ.

ಮನೆಗೆ ಬಂದಾಗ ಓಣಿಯ ಮೂವರೂ ಪಡಸಾಲೆಯಲ್ಲಿ ಕಾದಿದ್ದರು. ನಡೆದದ್ದನ್ನು ಬಿಡದೆ ಹೇಳಿದೆ, ಅವತ್ತು "ನಿಂದ ಹಾಕವ್ವ" ಅಂದದ್ದು ನಾನೇ ಎಂಬುದನ್ನೂ ನೆನಪಿಸಿದೆ. ಮೂವರಲ್ಲಿ ಹಿರಿಯಾಕೆ ಕನ್ನಡಕ ಮೇಲೇರಿಸಿಕೊಂಡು, "ಅವತ್ತ ಬೆನ್ನಿಗೆ ಮೆತ್ತಗ ಗುದ್ದೀವಿ. ಜೋರ ಗುದ್ದಬೇಕಿತ್ತು" ಅಂದಳು. ನಗು ಬಂತು. ನಕ್ಕದ್ದಕ್ಕೆ ಅಳುವೂ ಬಂತು. ಹೊಸ ವಿಳಾಸ, ಅದರ ಗುಟ್ಟಿನ ಸಂಖ್ಯೆ, ಏಜೆಂಟರ ಹೆಸರು, ಮುಗಿಯುವ ತಾರೀಖು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ದೇವರ ಜಗಲಿಯ ಮೇಲೆ ವಿಭೂತಿಯ ಗಟ್ಟಿಯ ಕೆಳಗೆ ಇಟ್ಟೆ. ನಾಲ್ವರ ಕಣ್ಣಿಗೂ ಬೀಳುವ ಜಾಗ. ನನಗೆ ಏನಾದರೂ ಆದರೆ, ಅಥವಾ ನನ್ನ ಬುದ್ಧಿಯೇ ತಿರುಗಿದರೆ, ಹಾಳೆ ಇರುತ್ತದೆ ಎಂದೆ.

ಹೊಲಿದು ಮಡಿಚಿಟ್ಟ ಹನ್ನೊಂದು ಕೌದಿಗಳಿದ್ದವು. ಹನ್ನೊಂದರ ಬೆನ್ನಿಗೂ ಆ ಕೆಂಪು ದಾರ. ಬಿಚ್ಚಲು ಕೂತೆವು. ಬ್ಲೇಡು ಬೇಡ, ಬಟ್ಟೆ ಹರಿಯುತ್ತದೆ ಎಂದು ಸೂಜಿಯ ಮೊನೆಯಿಂದ ಒಂದೊಂದೇ ಟಾಕೆ ಎಬ್ಬಿಸಿದೆವು. ಕುಡುಗೋಲು ಹೋಯಿತು, ನಿಚ್ಚಣಿಕೆ ಹೋಯಿತು. ದಾರ ಹೋದ ಮೇಲೂ ತೂತುಗಳು ಉಳಿದವು. ಬೆಳಕಿಗೆ ಹಿಡಿದರೆ ಅತ್ತೆಮ್ಮನ ಹೆಸರು ಇನ್ನೂ ಓದಲು ಬರುತ್ತಿತ್ತು. ಕಾಳಿನ ಚೀಲಗಳನ್ನು ಮುಟ್ಟಲಿಲ್ಲ, ಅವು ತುಂಬಿದ್ದವು.

ಮನೆಯವರು ಶಾಲೆಯಿಂದ ಬಂದು ಸ್ವಲ್ಪ ಹೊತ್ತು ನಮ್ಮನ್ನು ನೋಡುತ್ತ ನಿಂತರು. ಚಪ್ಪಲಿ ಬಿಡುತ್ತ ಕೇಳಿದರು, "ಪಂಚಮಿಗೆ ತಂಗೀನ ಕರಿಯಾಕ ಹೋಗ್ಲ್ಯಾ, ಬ್ಯಾಡೋ?"

ಅಣ್ಣ ಹೋಗಿ ಕರೆದರೆ ತಾನೇ ತಂಗಿ ತವರಿಗೆ ಬರುವುದು. ಕರೆಯದಿದ್ದರೆ ಸಿಂಧನೂರಿನಲ್ಲಿ ಅವಳು ಉಂಡಿ ಕಟ್ಟದೆ ಕೂರುತ್ತಾಳೆ ಎಂದು ನನಗೆ ಗೊತ್ತು. ಕರೆದರೆ ಇದೇ ಪಡಸಾಲೆಯಲ್ಲಿ ಕೂತು ಫೋನು ತೆಗೆದು, ನನ್ನ ಅತ್ತೆಯ, ಅವಳ ಅವ್ವನ, ಹೆಸರಿಗೆ ಇನ್ನೊಂದು ವರ್ಷ ಆಯುಷ್ಯ ಹಾಕುತ್ತಾಳೆ. ನಾನು ಒಳಗೆ ಹೋಳಿಗೆ ಬೇಯಿಸುತ್ತಿರುತ್ತೇನೆ. ಪಂಚಮಿಗೆ ಇನ್ನೂ ದಿನ ಇದೆ ಎಂದುಕೊಂಡು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡೆ.

ಅಷ್ಟರಲ್ಲಿ ಹಿತ್ತಲಲ್ಲಿ ನಳ ಗೊರಗುಟ್ಟಿತು. ನಾಲ್ಕು ದಿನದ ಮೇಲೆ ನೀರು ಬಂದಿತ್ತು. ಎಷ್ಟು ಹೊತ್ತು ಇರುತ್ತದೋ ಹೇಳಲಾಗದು. ಮೂವರೂ ಕೌದಿ ಬಿಟ್ಟು ತಮ್ಮ ತಮ್ಮ ಮನೆಗೆ ಓಡಿದರು. ನಾನು ಕೊಡ ತೊಳೆದು ನಳದ ಕೆಳಗೆ ಹಿಡಿದೆ.